ಅಣ್ಣಾ, ಲೆಕ್ಕ ಎಲ್ಲದ?

(ಪುಣೆಯಲ್ಲಿ ಕನ್ನಡದ ಐಟಿ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ವಿಡಿಯೊ ನೋಡಲು ಪುರುಸೊತ್ತಿಲ್ಲದವರಿಗೆ, ಕೇಳಲು ಆಗದವರಿಗೆ, ಮತ್ತು ಆಫೀಸ್ ಬಸ್ಸಿನಲ್ಲಿ ಓದುವವರಿಗೆ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಶನಿವಾರ ಸಂಜೆ ಟ್ರಾಫಿಕ್ ದಾಟಿಕೊಂಡು ಬಂದಿದ್ದೀರಿ. ಅದಕ್ಕೆ ಮೊದಲು ಒಂದು ಚಿಕ್ಕ ಆಟ ಆಡೋಣ. ಕೈಯಲ್ಲಿ ಪೆನ್ನು, ಇಲ್ಲ ಮೊಬೈಲ್ ಹಿಡ್ಕೊಳ್ಳಿ. ನಾನು ಒಂದು ಲೆಕ್ಕ ಬಾಯಲ್ಲಿ ಹೇಳ್ತೀನಿ, ನೀವು ಬರ್ಕೊಳ್ಳಿ. ಪಕ್ಕದವರದ್ದು ನೋಡೋ ಹಾಗಿಲ್ಲ.

ಒಂದು ಬೈ ಎಕ್ಸ್ ಪ್ಲಸ್ ಎರಡು.

ಬರೆದಾಯ್ತಾ? ಈಗ ಎಕ್ಸ್ ಜಾಗದಲ್ಲಿ 2 ಹಾಕಿ ಉತ್ತರ ಹೇಳಿ. ಈ ಕಡೆಯಿಂದ ಎರಡೂವರೆ ಅಂತ ಕೇಳಿಸ್ತು. ಆ ಕಡೆಯಿಂದ ಕಾಲು ಅಂತ ಕೇಳಿಸ್ತು. ಇಬ್ಬರೂ ಸರಿ. ಒಂದು ಬೈ ಎಕ್ಸ್ ಬರೆದು ಪಕ್ಕದಲ್ಲಿ ಎರಡು ಕೂಡಿಸಿದವರಿಗೆ ಎರಡೂವರೆ. ಎಕ್ಸ್ ಪ್ಲಸ್ ಎರಡನ್ನು ಪೂರ್ತಿ ಗೆರೆಯ ಕೆಳಗೆ ಬರೆದವರಿಗೆ ಕಾಲು. ಒಂದೇ ವಾಕ್ಯ, ಹೇಳಿದವನೂ ಒಬ್ಬನೇ, ಉತ್ತರದಲ್ಲಿ ಮಾತ್ರ ಹತ್ತು ಪಟ್ಟು ವ್ಯತ್ಯಾಸ.

ನಾನು ಬೋರ್ಡ್ ಮೇಲೆ ಬರೆದಿದ್ದರೆ ನಿಮಗೆ ಈ ಗೊಂದಲ ಆಗ್ತಾನೇ ಇರಲಿಲ್ಲ. ಗೆರೆ ಎಲ್ಲಿವರೆಗೂ ಇದೆ ಅಂತ ಕಣ್ಣು ನೋಡಿಬಿಡುತ್ತೆ. ಕಣ್ಣು ಕಾಣದ ಮಗು ಕ್ಲಾಸಿನಲ್ಲಿ ಕೂತು ದಿನಾ ಕೇಳೋದು ಮಾತ್ರ ನಾನು ಈಗ ಹೇಳಿದ ಥರದ ಗಣಿತವನ್ನೇ. ಅದು ತಪ್ಪು ಉತ್ತರ ಕೊಟ್ಟರೆ ನಾವು ಏನಂತೀವಿ? "ಪಾಪ, ಅದಕ್ಕೆ ಗಣಿತ ಆಗಲ್ಲ."

ಇವತ್ತು ನಾನು ಹೇಳಬೇಕು ಅಂತ ಬಂದಿರೋದು ಆ "ಆಗಲ್ಲ" ಅನ್ನೋ ಮಾತಿನ ಬಗ್ಗೆ. ಎಲ್ಲ ಥರದ ಮಕ್ಕಳೂ ಒಟ್ಟಿಗೆ ಕೂತು ಕಲಿಯುವ ತರಗತಿಗೆ ನಮ್ಮ ಕಡೆ ಸಮನ್ವಯ ಶಿಕ್ಷಣ ಅಂತಾರೆ. ಅಲ್ಲಿ ಗಣಿತ ಕಲಿಸೋಕೆ ನಮ್ಮಂಥ ಸಾಫ್ಟ್‌ವೇರ್‌ನವರು ಮಾಡುವ ಡಿಜಿಟಲ್ ಉಪಕರಣಗಳು ಯಾವಾಗ ಕೆಲಸಕ್ಕೆ ಬರುತ್ತವೆ, ಯಾವಾಗ ಅವೇ ಮಗುವನ್ನು ಹೊರಗೆ ಹಾಕುತ್ತವೆ ಅನ್ನೋದು ವಿಷಯ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಹೊರಗೆ ಹಾಕಿದವನು ನಾನೇ.

ನಾನು ಮಾಡಿದ ಆ್ಯಪ್

ಎರಡು ವರ್ಷದ ಹಿಂದಿನ ಮಾತು. ಇಲ್ಲೇ ಪುಣೆಯಲ್ಲಿ, ನಮ್ಮ ಐಟಿ ಪಾರ್ಕ್‌ನಿಂದ ಬಹಳ ದೂರ ಇಲ್ಲದ ಒಂದು ಶಾಲೆ. ಹೆಸರು ಬೇಡ. ಶನಿವಾರ ಬೆಳಿಗ್ಗೆ ಅಲ್ಲಿ ಏಳನೇ ತರಗತಿಗೆ ಗಣಿತದಲ್ಲಿ ಸಹಾಯ ಮಾಡೋಕೆ ಹೋಗ್ತಿದ್ದೆ. ಆ ಕ್ಲಾಸಿನಲ್ಲಿ ಕಲಬುರಗಿ ಕಡೆಯ ಒಬ್ಬಳು ಹುಡುಗಿ ಇದ್ದಳು. ಹುಟ್ಟಿನಿಂದಲೇ ಕಣ್ಣು ಕಾಣಲ್ಲ. ಅಪ್ಪ-ಅಮ್ಮ ಇಬ್ಬರೂ ಕಟ್ಟಡ ಕೆಲಸದವರು. ನಾವು ಹದಿನೈದನೇ ಮಹಡಿಯ ಫ್ಲ್ಯಾಟ್‌ನಲ್ಲಿ ಕೂತು ವರ್ಕ್ ಫ್ರಮ್ ಹೋಮ್ ಮಾಡ್ತೀವಲ್ಲ, ಆ ಥರದ ಕಟ್ಟಡಗಳಿಗೆ ಸಿಮೆಂಟ್ ಹೊತ್ತವರು. ಪುಣೆಗೆ ಬಂದ ಕನ್ನಡಿಗರು ಅಂದಾಗ ನಮಗೆ ನಾವೇ ನೆನಪಾಗ್ತೀವಿ. ಅವರೂ ಬಂದಿದ್ದಾರೆ, ನಮಗಿಂತ ಹೆಚ್ಚು ಸಂಖ್ಯೆಯಲ್ಲೇ ಇರಬಹುದು.

ನಾನು ಉತ್ಸಾಹದಲ್ಲಿ ಭಿನ್ನರಾಶಿ ಕಲಿಸೋ ಒಂದು ಆ್ಯಪ್ ಮಾಡಿದೆ. ಎರಡು ತಿಂಗಳು ರಾತ್ರಿ ಕೂತು ಮಾಡಿದ್ದು. ಪಿಜ್ಜಾ ತುಂಡುಗಳನ್ನು ಬೆರಳಿನಿಂದ ಎಳೆದು ತಟ್ಟೆಗೆ ಹಾಕಬೇಕು. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಪ್ರತಿ ಲೆಕ್ಕಕ್ಕೆ 30 ಸೆಕೆಂಡ್ ಟೈಮರ್. ಲೆಕ್ಕಗಳೆಲ್ಲ ಚಂದದ ಫಾಂಟ್‌ನಲ್ಲಿ ಮೂಡಿಸಿದ ಚಿತ್ರಗಳು. ಆಫೀಸ್ ಗೆಳೆಯರು ಹಣ ಹಾಕಿ ಕೆಲವು ಟ್ಯಾಬ್ಲೆಟ್ ಕೊಡಿಸಿದರು. ಮೊದಲ ದಿನ ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. ನನಗೆ ಖುಷಿಯೋ ಖುಷಿ.

ಹುಡುಗಿಗೆ ಟ್ಯಾಬ್ಲೆಟ್ ಬಳಸೋದು ಗೊತ್ತಿತ್ತು. ಆಗಾಗ ಬರುವ ವಿಶೇಷ ಶಿಕ್ಷಕಿ ಅವಳಿಗೆ ಟಾಕ್‌ಬ್ಯಾಕ್ ಕಲಿಸಿದ್ದರು. ಪರದೆ ಮೇಲೆ ಬೆರಳು ಆಡಿಸಿದರೆ ಅಲ್ಲಿ ಏನಿದೆ ಅಂತ ಫೋನ್ ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ ಅದು. ಅವಳು ಬೆರಳು ಆಡಿಸಿದಳು. ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ. ಸ್ವಲ್ಪ ಹೊತ್ತು ಬಿಟ್ಟು ನನ್ನನ್ನು ಕರೆದಳು.

"ಅಣ್ಣಾ, ಇದು ಬರೀ ಬಟನ್, ಬಟನ್ ಅಂತದ. ಲೆಕ್ಕ ಎಲ್ಲದ?"

ಲೆಕ್ಕ ಚಿತ್ರದಲ್ಲಿತ್ತು. ಚಿತ್ರದ ಹಿಂದೆ ಏನೂ ಇರಲಿಲ್ಲ. ಕಂಪ್ಯೂಟರಿಗೆ ಸಂಬಂಧಪಟ್ಟಂತೆ ಆ ಪರದೆಯ ಮೇಲೆ ಗಣಿತವೇ ಇರಲಿಲ್ಲ.

ಅವತ್ತು ಇನ್ನಿಬ್ಬರು ಮಕ್ಕಳೂ ಸುಮ್ಮನೆ ಕೂತಿದ್ದರು, ನಾನು ಆಮೇಲೆ ಗಮನಿಸಿದೆ. ಒಬ್ಬ ಹುಡುಗನಿಗೆ ಓದೋದು ನಿಧಾನ, ಅಕ್ಷರಗಳು ಅದಲುಬದಲಾಗುತ್ತವೆ. ಬಾಯಿಲೆಕ್ಕದಲ್ಲಿ ಮಾತ್ರ ಕ್ಲಾಸಿಗೇ ಚುರುಕು. ಅವನು ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ನನ್ನ ಟೈಮರ್ ಮುಗೀತಿತ್ತು. ಇನ್ನೊಬ್ಬನಿಗೆ ಕೆಂಪು-ಹಸಿರು ಬೇರೆ ಬೇರೆ ಅಂತ ತಿಳಿಯಲ್ಲ. ತನ್ನ ಉತ್ತರ ಸರಿಯೋ ತಪ್ಪೋ ಅಂತ ಪಕ್ಕದವನನ್ನು ಕೇಳ್ತಾ ಇದ್ದ. ಮೊದಲಿನ ಹಾಗೆ ಕರಿಹಲಗೆ ಮೇಲೆ ಪಾಠ ನಡೆದಿದ್ದರೆ ಈ ಇಬ್ಬರೂ ಪಾಠದ ಒಳಗೇ ಇರ್ತಿದ್ದರು. ಹೊರಗೆ ಹಾಕಿದ್ದು ನನ್ನ ಆ್ಯಪ್.

ನಾಚಿಕೆ ಆಗಿದ್ದು ಯಾಕೆ ಗೊತ್ತಾ? ಇದೆಲ್ಲ ನನಗೆ ಗೊತ್ತಿಲ್ಲದ ವಿಷಯ ಅಲ್ಲ. ನಿಮಗೂ ಗೊತ್ತು. ಅಮೆರಿಕದ ಕ್ಲೈಂಟ್ ಕೇಳಿದರೆ ಡಬ್ಲ್ಯುಸಿಎಜಿ ಪಟ್ಟಿ ಹಿಡ್ಕೊಂಡು ಒಂದೊಂದೇ ಟಿಕ್ ಹಾಕ್ತೀವಿ. ಚಿತ್ರಕ್ಕೆ ಬದಲಿ ಪಠ್ಯ ಇರಬೇಕು, ಬರೀ ಬಣ್ಣದಿಂದ ಅರ್ಥ ಹೇಳಬಾರದು, ಸಮಯದ ಮಿತಿಯನ್ನು ಬಳಕೆದಾರ ಬದಲಿಸೋಕೆ ಆಗಬೇಕು. 2023ರ 2.2 ಆವೃತ್ತಿಯಲ್ಲಿ, ಎಳೆದು ಹಾಕುವ ಕೆಲಸಕ್ಕೆ ಎಳೆಯದೇ ಮಾಡುವ ದಾರಿಯೂ ಇರಬೇಕು ಅಂತ ಸೇರಿಸಿದ್ದಾರೆ. ನನ್ನ ಪಿಜ್ಜಾ ಆ್ಯಪ್ ಈ ನಾಲ್ಕರಲ್ಲೂ ಫೇಲ್. ಡಾಲರ್ ಕೊಡುವವರಿಗೆ ನೆನಪಿರುವ ನಿಯಮ ನಮ್ಮ ಊರಿನ ಮಗುವಿಗೆ ಮಾಡುವಾಗ ಮರೆತುಹೋಗಿತ್ತು. ಪುಕ್ಕಟೆ ಕೊಡ್ತಿದ್ದೀನಲ್ಲ, ಹೇಗಿದ್ದರೂ ನಡೆಯುತ್ತೆ ಅನ್ನೋ ಧೋರಣೆ ಎಲ್ಲೋ ಒಳಗೆ ಇತ್ತು ಅನ್ಸುತ್ತೆ.

"ಬಿಡಿಸಿಬಿಡೋಣ"

ಅದೇ ವಾರ ಗಣಿತದ ಟೀಚರ್ ನನ್ನ ಹತ್ತಿರ ಮಾತಾಡಿದರು. ಒಳ್ಳೆಯ ಟೀಚರ್, ಇದನ್ನು ಮೊದಲೇ ಹೇಳಿಬಿಡ್ತೀನಿ. ನಲವತ್ತು ಚಿಲ್ಲರೆ ಮಕ್ಕಳು, ಮುಗಿಸಬೇಕಾದ ಪೋರ್ಷನ್, ಚುನಾವಣೆ ಡ್ಯೂಟಿ ಬೇರೆ. ಅವರು ಹೇಳಿದ್ದು ಇಷ್ಟು: "ಮುಂದೆ ಬೋರ್ಡ್‌ನಲ್ಲಿ ಗಣಿತದ ಬದಲು ಬೇರೆ ವಿಷಯ ತಗೊಳ್ಳೋಕೆ ಇಂಥ ಮಕ್ಕಳಿಗೆ ಅವಕಾಶ ಇದೆ. ಸುಮ್ಮನೆ ಯಾಕೆ ಹಿಂಸೆ, ಈಗಲೇ ಬಿಡಿಸಿಬಿಡೋಣ."

ನಮ್ಮ ದೇಶದ ಹಲವು ಬೋರ್ಡ್‌ಗಳಲ್ಲಿ ಆ ರಿಯಾಯಿತಿ ಇರೋದು ನಿಜ. ಬೇಕಾದ ಮಗುವಿಗೆ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹನ್ನೆರಡು ವರ್ಷದ ಮಗುವಿನ ಗಣಿತ ಬಿಡಿಸಿದರೆ ಏನೇನು ಹೋಗುತ್ತೆ ಅಂತ ಈ ರೂಮಿನಲ್ಲಿರುವ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಪಿಯುಸಿ ಸೈನ್ಸ್ ಹೋಯ್ತು. ಕಂಪ್ಯೂಟರ್ ಸೈನ್ಸ್ ಹೋಯ್ತು. ಲೆಕ್ಕ ಕೇಳುವ ಬ್ಯಾಂಕ್ ಪರೀಕ್ಷೆಗಳು ಕಷ್ಟ ಆದವು. ನಾವೆಲ್ಲ ಊರು ಬಿಟ್ಟು ಇಲ್ಲಿ ಬಂದು ಕೂತಿದ್ದೀವಲ್ಲ, ಆ ಬಾಗಿಲಿಗೆ ಕೀಲಿ ಗಣಿತವೇ ಅಲ್ವಾ?

ಹುಡುಗಿಯನ್ನೇ ಕೇಳಿದೆ. ಅವಳು ಹೇಳಿದ್ದು: "ನನಗ ಗಣಿತ ಬ್ಯಾಡ ಅಂತ ನಾ ಎಂದೂ ಹೇಳಿಲ್ಲಣ್ಣಾ. ಅವರೇ ಹೇಳ್ಯಾರ."

ಕಾನೂನು ಅವಳ ಕಡೆ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರಲ್ಲಿ ಕಣ್ಣು, ಕಿವಿ ಮಾತ್ರ ಅಲ್ಲ, ಓದುವ ತೊಡಕಿನ ಡಿಸ್ಲೆಕ್ಸಿಯಾ, ಲೆಕ್ಕದ ತೊಡಕಿನ ಡಿಸ್ಕ್ಯಾಲ್ಕುಲಿಯಾ ಕೂಡ ಇವೆ. ಅದರ 16ನೇ ಸೆಕ್ಷನ್ ಶಾಲೆಗಳು ಸಮನ್ವಯ ಶಿಕ್ಷಣ ಕೊಡಬೇಕು ಅಂತಲೇ ಹೇಳುತ್ತದೆ. ಆದರೆ ಕಾಯ್ದೆ ಬಾಗಿಲು ತೆಗೆಸಬಹುದು, ಒಳಗೆ ಬಂದ ಮಗುವಿಗೆ ಭಿನ್ನರಾಶಿ ಹೇಗೆ ಕೇಳಿಸಬೇಕು ಅನ್ನೋದು ಕಾಯ್ದೆಯ ಕೈಯಲ್ಲಿಲ್ಲ. ಅದು ನಮ್ಮ ಕೆಲಸ.

ಗಣಿತ ಅಂದ್ರೆ ಮರ

ನಾನು ಹುಡುಕೋಕೆ ಶುರು ಮಾಡಿದಾಗ ಮೊದಲು ಸಿಕ್ಕ ಹೆಸರು ಇದೇ ಪುಣೆಯದ್ದು: ಟಿ. ವಿ. ರಾಮನ್. ಪುಣೆಯಲ್ಲಿ ಹುಟ್ಟಿದವರು. ಗ್ಲಾಕೋಮಾದಿಂದ 14ನೇ ವಯಸ್ಸಿಗೆ ಪೂರ್ತಿ ದೃಷ್ಟಿ ಹೋಯ್ತು. ಆಮೇಲೆ ಇಲ್ಲಿನ ವಾಡಿಯಾ ಕಾಲೇಜಿನಲ್ಲಿ ಗಣಿತದಲ್ಲೇ ಬಿಎ ಮಾಡಿದರು, ಐಐಟಿ ಬಾಂಬೆಯಲ್ಲಿ ಸ್ನಾತಕೋತ್ತರ, ಅಲ್ಲಿಂದ ಕಾರ್ನೆಲ್ ವಿಶ್ವವಿದ್ಯಾಲಯ. 1994ರಲ್ಲಿ ಮುಗಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ಅವರು ಮಾಡಿದ್ದು ಆಸ್ಟರ್ ಅನ್ನೋ ವ್ಯವಸ್ಥೆ, ಗಣಿತದ ಬರಹವನ್ನು ಧ್ವನಿಯಲ್ಲಿ ಓದುವ ತಂತ್ರಾಂಶ. ಆ ಪ್ರಬಂಧಕ್ಕೆ ಎಸಿಎಂನ ಡಾಕ್ಟೋರಲ್ ಡಿಸರ್ಟೇಷನ್ ಪ್ರಶಸ್ತಿ ಬಂತು. ಮುಂದೆ ಅಡೋಬಿ, ಐಬಿಎಂ, ಗೂಗಲ್‌ಗಳಲ್ಲಿ ಕೆಲಸ ಮಾಡಿದರು.

ಆಸ್ಟರ್ ಹಿಂದಿನ ಯೋಚನೆ ಸರಳ. ಪುಟದ ಮೇಲೆ ಗಣಿತ ಹೇಗೆ ಕಾಣುತ್ತೆ ಅನ್ನೋದನ್ನು ಓದಬೇಡ, ಅದರ ಒಳಗಿನ ರಚನೆಯನ್ನು ಓದು. ಪ್ರಬಂಧಗಳನ್ನು ಲೇಟೆಕ್‌ನಲ್ಲಿ ಬರೆದಿರ್ತಾರೆ. ಅದರಲ್ಲಿ "ಇದು ಭಿನ್ನರಾಶಿ, ಇದರ ಅಂಶ ಇದು, ಛೇದ ಇದು" ಅನ್ನೋ ಮಾಹಿತಿ ಇದ್ದೇ ಇರುತ್ತೆ. ಅದನ್ನು ಮರದ ಹಾಗೆ ಕಟ್ಟಿಕೊಂಡರೆ, ಘಾತ ಬಂದಾಗ ಧ್ವನಿಯನ್ನು ಒಂದು ಸ್ಥಾಯಿ ಮೇಲೆ ಏರಿಸಿ ಓದಬಹುದು. ಕೇಳುವವರು ಬೇಕಾದ ಕೊಂಬೆಗೆ ಹೋಗಿ ಅದೊಂದನ್ನೇ ಮತ್ತೆ ಕೇಳಬಹುದು. ಎಂಟೆಕ್‌ನಲ್ಲಿ ಕಂಪೈಲರ್ ಕೋರ್ಸ್‌ನಲ್ಲಿ ಪಾರ್ಸ್ ಟ್ರೀ ಬಿಡಿಸಿ ಬಿಡಿಸಿ ಮಾರ್ಕ್ಸ್ ತಗೊಂಡವನು ನಾನು. ಅದೇ ಮರ ಒಂದು ಮಗುವಿನ ಕಿವಿಗೆ ಬೇಕಾಗುತ್ತೆ ಅಂತ ಹೊಳೆದಿರಲಿಲ್ಲ.

ವೆಬ್‌ನಲ್ಲಿ ಈ ಮರಕ್ಕೆ ಮ್ಯಾಥ್‌ಎಂಎಲ್ ಅಂತ ಹೆಸರು. 1998ರಲ್ಲೇ ಡಬ್ಲ್ಯು3ಸಿ ಅದನ್ನು ಶಿಫಾರಸು ಮಾಡಿತ್ತು. ಫೈರ್‌ಫಾಕ್ಸ್‌ನಲ್ಲಿ ಬಹಳ ಹಿಂದಿನಿಂದ ಇದೆ. ಕ್ರೋಮ್‌ನಲ್ಲಿ 2013ರಲ್ಲಿ ಬಂದ ಹಾಗೆ ಬಂದು, ಮುಂದಿನ ಆವೃತ್ತಿಯಲ್ಲೇ ಹೋಯ್ತು. ಮತ್ತೆ ಬಂದಿದ್ದು 2023ರ ಜನವರಿಯಲ್ಲಿ, 109ನೇ ಆವೃತ್ತಿಗೆ. ಅಂದ್ರೆ ನಡುವೆ ಹತ್ತು ವರ್ಷ. ಒಂದು ಮಗು ಒಂದನೇ ಕ್ಲಾಸಿಗೆ ಸೇರಿ ಎಸ್ಸೆಸ್ಸೆಲ್ಸಿ ಮುಗಿಸುವಷ್ಟು ಕಾಲ.

ಇನ್ನು ಓದುವ ದನಿ. ಎನ್‌ವಿಡಿಎ ಅಂತ ವಿಂಡೋಸ್‌ಗೆ ಉಚಿತ ಸ್ಕ್ರೀನ್ ರೀಡರ್ ಇದೆ. ಅದನ್ನು 2006ರಲ್ಲಿ ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕಲ್ ಕರನ್. ಆಮೇಲೆ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣಲ್ಲ. ಅದರ ಜೊತೆಗೆ ಮ್ಯಾಥ್‌ಕ್ಯಾಟ್ ಅನ್ನೋ ಆಡ್-ಆನ್ ಹಾಕಿಕೊಂಡರೆ ಮ್ಯಾಥ್‌ಎಂಎಲ್‌ನ ಮರವನ್ನು ಅದು ಮಾತಾಗಿಸುತ್ತೆ, ಬ್ರೈಲ್ ಡಿಸ್‌ಪ್ಲೇ ಇದ್ದರೆ ಗಣಿತದ ಬ್ರೈಲ್ ಲಿಪಿಯಾಗಿಯೂ ಕೊಡುತ್ತೆ. ಬಾಣದ ಕೀಲಿ ಒತ್ತಿ ಒಂದೊಂದೇ ಕೊಂಬೆ ಇಳಿಯಬಹುದು.

ನಾನು ಪಿಜ್ಜಾ ಆ್ಯಪನ್ನು ಮೂಲೆಗೆ ಹಾಕಿದೆ. ಪಠ್ಯಪುಸ್ತಕದ ಒಂದು ಅಧ್ಯಾಯದ ಲೆಕ್ಕಗಳನ್ನು ಮ್ಯಾಥ್‌ಎಂಎಲ್‌ನಲ್ಲಿ, ಸಾದಾ ವೆಬ್ ಪುಟಗಳಾಗಿ ಬರೆದೆ. ಚಿತ್ರ ಇಲ್ಲ, ಟೈಮರ್ ಇಲ್ಲ. ಸರಿ-ತಪ್ಪನ್ನು ಬಣ್ಣದ ಜೊತೆ ಅಕ್ಷರದಲ್ಲೂ ಬರೆದೆ. ಇಂಟರ್‌ನೆಟ್ ಇಲ್ಲದೆ ತೆರೆಯುವ ಫೈಲುಗಳು. ಶಾಲೆಯ ಲ್ಯಾಬ್‌ನಲ್ಲಿ ಇದ್ದಿದ್ದು ವಿಂಡೋಸ್ 7. ವಿಂಡೋಸ್ 7ಕ್ಕೆ ಬಂದ ಕಟ್ಟಕಡೆಯ ಕ್ರೋಮ್ ಯಾವುದು ಗೊತ್ತಾ? ಅದೇ 109. ಎನ್‌ವಿಡಿಎ ಕೂಡ 2023ರ ಆವೃತ್ತಿಯವರೆಗೆ ವಿಂಡೋಸ್ 7ರಲ್ಲಿ ಓಡುತ್ತೆ. ಒಂದು ಕೂದಲೆಳೆ ಅಂತರದಲ್ಲಿ ಬಚಾವಾದೆವು.

ಮೊದಲ ದಿನ ಅವಳಿಗೆ ಕೇಳಿಸಿದ್ದು, ನಾನು ಇವತ್ತು ನಿಮಗೆ ಕೊಟ್ಟ ಅದೇ ಲೆಕ್ಕ. ಕಂಪ್ಯೂಟರ್ ಇಂಗ್ಲಿಷಿನಲ್ಲಿ ಓದಿತು: "ಫ್ರ್ಯಾಕ್ಷನ್, ಒನ್ ಓವರ್ ಎಕ್ಸ್ ಪ್ಲಸ್ ಟೂ, ಎಂಡ್ ಫ್ರ್ಯಾಕ್ಷನ್." ಇನ್ನೊಂದು ಸಲ ಕೇಳಿಸಿಕೊಂಡಳು. ಆಮೇಲೆ ಅಂದಳು: "ಹಂಗಂದ್ರ ಇದು ಎಲ್ಲಿ ಮುಗಿತದ ಅಂತ ಇದಕ್ಕ ಗೊತ್ತದ."

ಅಷ್ಟೇ ಅವಳಿಗೆ ಇಷ್ಟು ದಿನ ಬೇಕಾಗಿದ್ದದ್ದು. ಎಲ್ಲಿ ಮುಗಿಯುತ್ತೆ ಅಂತ ಯಾರಾದರೂ ಹೇಳಬೇಕಿತ್ತು.

ಕನ್ನಡದಲ್ಲಿ ಎಣಿಸುವ ಹುಡುಗಿ

ಇಲ್ಲಿ ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊರನಾಡಿನಲ್ಲಿರುವ ನಮಗೆ ಇದು ಕುತೂಹಲದ ವಿಷಯ.

ಅವಳು ಲೆಕ್ಕ ಮಾಡೋದು ಟೇಲರ್ ಫ್ರೇಮ್ ಮೇಲೆ. ನೋಡದವರಿಗೆ ಹೇಳ್ತೀನಿ. ಅದು ಎಂಟು ಮೂಲೆಯ ತೂತುಗಳಿರುವ ಒಂದು ಮಣೆ, ಜೊತೆಗೆ ಸಣ್ಣ ಲೋಹದ ಕಡ್ಡಿಗಳು. ಕಡ್ಡಿಯನ್ನು ತೂತಿನಲ್ಲಿ ಯಾವ ದಿಕ್ಕಿಗೆ ತಿರುಗಿಸಿ ನೆಟ್ಟಿದ್ದೀವಿ ಅನ್ನೋದರ ಮೇಲೆ ಅದು ಯಾವ ಅಂಕಿ ಅಂತ ಬೆರಳಿಗೆ ತಿಳಿಯುತ್ತೆ. ಸಾಲಾಗಿ ನೆಡ್ತಾ ಹೋದರೆ ಸಂಖ್ಯೆ. ಒಂದರ ಕೆಳಗೆ ಒಂದು ಸಾಲು ಇಟ್ಟರೆ ಕೂಡೋದು, ಕಳೆಯೋದು ಎಲ್ಲ ಆಗುತ್ತೆ.

ಟೀಚರ್ ಮರಾಠಿಯಲ್ಲಿ ಸಂಖ್ಯೆ ಹೇಳಿದಾಗ ಅವಳು ಒಂದು ಕ್ಷಣ ತಡವರಿಸೋದು ನೋಡಿದೆ. ತುಟಿ ಅಲ್ಲಾಡ್ತಿತ್ತು. ಹತ್ತಿರ ಹೋಗಿ ಕೇಳಿದರೆ ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸ್ಕೋತಿದ್ದಾಳೆ! ಕಾರಣ ಯೋಚನೆ ಮಾಡಿದರೆ ಗೊತ್ತಾಗುತ್ತೆ. ಮರಾಠಿಯಲ್ಲಿ 25 ಅಂದ್ರೆ ಪಂಚವೀಸ್, ಐದು ಮೊದಲು, ಇಪ್ಪತ್ತು ಆಮೇಲೆ. ಬರೆಯುವಾಗ ಮಾತ್ರ ಎರಡು ಮೊದಲು, ಐದು ಆಮೇಲೆ. ಕನ್ನಡದಲ್ಲಿ ಇಪ್ಪತ್ತೈದು. ಕೇಳಿದ ಕ್ರಮದಲ್ಲೇ ಕಡ್ಡಿ ನೆಡಬಹುದು. ಕಿವಿಯಿಂದಲೇ ಗಣಿತ ಕಲಿಯುವ ಮಗುವಿಗೆ ಇದು ಸಣ್ಣ ವಿಷಯ ಅಲ್ಲ.

ಇದು ಕಣ್ಣು ಕಾಣದ ಮಕ್ಕಳ ಸಮಸ್ಯೆ ಮಾತ್ರ ಅಂದ್ಕೋಬೇಡಿ. 2019ರಲ್ಲಿ ಮಹಾರಾಷ್ಟ್ರದ ಬಾಲಭಾರತಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ಏಕವೀಸ್ ಜೊತೆಗೆ "ವೀಸ್ ಏಕ್" ಅಂತ, ಅಂದ್ರೆ ನಮ್ಮ ಇಪ್ಪತ್ತೊಂದರ ಥರ, ಸಂಖ್ಯೆ ಓದುವ ರೀತಿಯನ್ನು ತಂದಿತು. ದೊಡ್ಡ ವಿವಾದ ಆಯ್ತು, ಭಾಷೆ ಹಾಳಾಯ್ತು ಅಂತ ಜೋಕುಗಳು ಓಡಾಡಿದವು. ಗಣಿತಜ್ಞೆ ಮಂಗಲಾ ನಾರಳೀಕರ್ ಅದನ್ನು ಸಮರ್ಥಿಸಿ ನಿಂತರು, ಸಣ್ಣ ಮಕ್ಕಳಿಗೆ ಜೋಡಕ್ಷರದ ಆ ಹೆಸರುಗಳು ತೊಡಕಾಗುತ್ತವೆ ಅನ್ನೋ ಕಾರಣಕ್ಕೆ. ನಾನು ಆಗ ಪುಣೆಗೆ ಬಂದ ಹೊಸದು, ಆ ಜೋಕುಗಳನ್ನು ಫಾರ್ವರ್ಡ್ ಮಾಡಿದವರಲ್ಲಿ ಒಬ್ಬ.

ಹಾಗಂತ ಕನ್ನಡವೇ ಶ್ರೇಷ್ಠ ಅಂತ ಬೀಗೋಕೆ ಹೋಗಬೇಡಿ. ಭಿನ್ನರಾಶಿಗೆ ಬಂದರೆ ಕಥೆ ಉಲ್ಟಾ. ಮರಾಠಿ ಕ್ಲಾಸಿನಲ್ಲಿ "ದೋನ್ ಛೇದ್ ತೀನ್" ಅಂತಾರೆ. ಮೇಲಿನದು ಮೊದಲು, ಕೆಳಗಿನದು ಆಮೇಲೆ, ನಡುವೆ ಗೆರೆಗೆ ಒಂದು ಮಾತು. ನಾವು "ಮೂರನೇ ಎರಡರಷ್ಟು ಬಹುಮತ" ಅಂತೀವಿ. ಕೆಳಗಿನದು ಮೊದಲು! ಹುಡುಗಿ ಕೆಲವು ಸಲ ಭಿನ್ನರಾಶಿಯನ್ನು ತಲೆಕೆಳಗು ಮಾಡ್ತಿದ್ದಳು. ಎಲ್ಲರೂ ಅದನ್ನು ಗಮನ ಇಲ್ಲದ ತಪ್ಪು ಅಂದ್ಕೊಂಡಿದ್ದರು. ಅವಳು ಎರಡು ಭಾಷೆಗಳ ನಡುವೆ ಸರಿಯಾಗಿಯೇ ಅನುವಾದ ಮಾಡ್ತಿದ್ದಳು, ಅಷ್ಟೆ.

ನಾನು ಅವಳ ಟೇಲರ್ ಫ್ರೇಮ್‌ನ ಡಿಜಿಟಲ್ ಆವೃತ್ತಿ ಮಾಡ್ತೀನಿ ಅಂತ ಹೊರಟಿದ್ದೆ. ನಮ್ಮ ರೋಗ ಅದು, ಏನು ನೋಡಿದರೂ ಆ್ಯಪ್ ಮಾಡಬೇಕು. ಅವಳು ಮಣೆಯನ್ನು ಎದೆಗೆ ಅವುಚಿಕೊಂಡು "ಇದನ್ನ ತಗೋಬ್ಯಾಡ್ರಿ ಅಣ್ಣಾ" ಅಂದಳು. ಅವಳೇ ಸರಿ. ದಶಕ ಕೈಗೆ ಇಟ್ಟುಕೊಂಡು ಕೂಡುವಾಗ ನಡುವಿನ ಸಾಲುಗಳು ಬೆರಳಿನ ಕೆಳಗೇ ಇರಬೇಕು. ಸ್ಕ್ರೀನ್ ರೀಡರ್ ಒಂದು ಸಲಕ್ಕೆ ಒಂದೇ ಜಾಗ ಓದುತ್ತೆ. ಪ್ರಶ್ನೆ ಕೇಳೋಕೆ ಕಂಪ್ಯೂಟರ್, ಕೆಲಸ ಮಾಡೋಕೆ ಮಣೆ. ರೇಖಾಗಣಿತಕ್ಕೆ ರಬ್ಬರ್ ಹಾಸಿನ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಾಲ್‌ಪೆನ್‌ನಲ್ಲಿ ಒತ್ತಿ ಎಳೆದರೆ ಗೆರೆ ಉಬ್ಬಿ ಬರುತ್ತೆ. ಅದಕ್ಕೆ ಕರೆಂಟೂ ಬೇಡ.

ಎಲ್ಲರೂ ಕಣ್ಣು ಮುಚ್ಚಿ

ಇಷ್ಟಾದರೂ ಒಂದು ಕೊರತೆ ಇತ್ತು. ಅವಳು ಮೂಲೆಯ ಕಂಪ್ಯೂಟರ್‌ನಲ್ಲಿ, ಉಳಿದವರು ಬೋರ್ಡ್ ಮುಂದೆ. ಒಂದೇ ಕೋಣೆಯಲ್ಲಿ ಎರಡು ಕ್ಲಾಸ್. ಸಮನ್ವಯ ಅನ್ನೋದು ಹೆಸರಿಗೆ ಮಾತ್ರ.

ಮುಂದಿನ ವರ್ಷ ಗ್ರಾಫ್ ಬಂತು. ಡೆಸ್ಮಾಸ್ ಅನ್ನೋ ಉಚಿತ ಗ್ರಾಫ್ ಕ್ಯಾಲ್ಕುಲೇಟರ್ ನಿಮಗೆ ಗೊತ್ತಿರಬಹುದು. ಅದರಲ್ಲಿ ಆಡಿಯೊ ಟ್ರೇಸ್ ಅಂತ ಇದೆ. ಗ್ರಾಫನ್ನು ಎಡದಿಂದ ಬಲಕ್ಕೆ ದನಿಯಾಗಿ ನುಡಿಸುತ್ತೆ. ಗೆರೆ ಏರಿದರೆ ಶ್ರುತಿ ಏರುತ್ತೆ, ಇಳಿದರೆ ಇಳಿಯುತ್ತೆ. ಎಕ್ಸ್ ಅಕ್ಷದ ಕೆಳಗಿದ್ದಾಗ ರೇಡಿಯೊ ಕರಕರ ಅನ್ನೋ ಥರ ಸದ್ದು ಸೇರುತ್ತೆ.

ಒಂದು ಸ್ಪೀಕರ್ ಇಟ್ಟು ಎಲ್ಲರಿಗೂ ಕಣ್ಣು ಮುಚ್ಚಿ ಅಂದೆವು. ಮೊದಲು ವೈ ಈಕ್ವಲ್ಸ್ ಎಕ್ಸ್. ಕರಕರ ಸದ್ದಿನಿಂದ ಶುರುವಾಗಿ, ಸದ್ದು ನಿಂತು, ಶ್ರುತಿ ಒಂದೇ ಸಮ ಏರ್ತಾ ಹೋಯ್ತು. ಏನು ಕೇಳಿಸ್ತು ಅಂದರೆ ಮಕ್ಕಳು ಗುಸುಗುಸು ಅಂದರು. ಹುಡುಗಿ ಮರಾಠಿಯಲ್ಲೇ ಹೇಳಿದಳು, ನನಗೆ ಆಮೇಲೆ ಕನ್ನಡದಲ್ಲಿ ಹೇಳಿದ್ದು: "ಲಿಫ್ಟ್ ನೆಲಮಾಳಿಗ್ಯಾಗಿಂದ ಮ್ಯಾಲ ಹೊಂಟದ." ಅಪ್ಪನ ಸೈಟಿನ ಲಿಫ್ಟ್ ಸದ್ದು ಕೇಳಿ ಬೆಳೆದವಳು. ಸೊನ್ನೆಯ ಕೆಳಗೆ ನೆಲಮಾಳಿಗೆ, ಸೊನ್ನೆ ನೆಲ, ಮೇಲೆ ಮಹಡಿ. ನೆಗೆಟಿವ್ ಸಂಖ್ಯೆಯನ್ನು ಇಷ್ಟು ಚೆನ್ನಾಗಿ ನಾನು ಎಂದೂ ಹೇಳಿಕೊಟ್ಟಿರಲಿಲ್ಲ.

ಅಂದಿನಿಂದ ಗ್ರಾಫ್ ಅಂದರೆ ಕ್ಲಾಸಿಗೇ ಲಿಫ್ಟ್. ನಿಧಾನ ಓದುವ ಹುಡುಗನಿಗೆ ಇದರಲ್ಲಿ ಓದೋದೇ ಇರಲಿಲ್ಲ. ಬಣ್ಣ ತಿಳಿಯದವನಿಗೆ ಬಣ್ಣದ ಕೆಲಸ ಇರಲಿಲ್ಲ. ಟೀಚರ್ ಆಮೇಲೆ ಒಂದು ಅಭ್ಯಾಸ ಮಾಡ್ಕೊಂಡರು. ಬೋರ್ಡ್ ಮೇಲೆ ಭಿನ್ನರಾಶಿ ಬರೆಯುವಾಗ ಬಾಯಲ್ಲಿ "ಶುರು" ಅಂತಾರೆ, ಛೇದ ಬರೆದು ಮುಗಿಸಿ "ಮುಗೀತು" ಅಂತಾರೆ. ಎಂಡ್ ಫ್ರ್ಯಾಕ್ಷನ್‌ನಿಂದ ಕಲಿತದ್ದು. ಅವರೇ ಹೇಳಿದರು, ಕಣ್ಣಿರುವ ಮಕ್ಕಳೂ ಈಗ ಕೆಳಗಿನ ಪ್ಲಸ್ ಟೂ ಬಿಟ್ಟುಬಿಡೋದು ಕಡಿಮೆ ಆಗಿದೆ ಅಂತ. ನಾನು ಎರಡು ವರ್ಷದಲ್ಲಿ ಬರೆದ ಎಲ್ಲ ಕೋಡ್‌ಗಿಂತ ಆ ಎರಡು ಪದ ಹೆಚ್ಚು ಮಕ್ಕಳಿಗೆ ಮುಟ್ಟಿದೆ. ಅದಕ್ಕೆ ಅಪ್‌ಡೇಟ್ ಬೇಕಿಲ್ಲ, ಚಾರ್ಜರ್ ಬೇಕಿಲ್ಲ.

ಈಗ ಎಲ್ಲಿದ್ದೇವೆ

ಹುಡುಗಿ ಎಂಟನೇ ತರಗತಿಯಲ್ಲಿ ಗಣಿತ ಬಿಡಲಿಲ್ಲ. ಮಾರ್ಕ್ಸ್ ಎಷ್ಟು ಅಂತ ಹೇಳಲ್ಲ, ಹೇಳಬೇಡಿ ಅಂದಿದ್ದಾಳೆ. ಪವಾಡ ಏನೂ ಆಗಿಲ್ಲ. ಬೀಜಗಣಿತದಲ್ಲಿ ಉದ್ದದ ಲೆಕ್ಕ ಬಂದರೆ ಈಗಲೂ ಒದ್ದಾಡ್ತಾಳೆ. ಪರೀಕ್ಷೆಯಲ್ಲಿ ಅವಳ ಉತ್ತರ ಬರೆಯುವ ಹುಡುಗನಿಗೆ ಚಿಹ್ನೆಗಳನ್ನು ಹೇಗೆ ಹೇಳಬೇಕು ಅನ್ನೋದೇ ಇನ್ನೊಂದು ಪಾಠ.

ಕಷ್ಟ ಬೇರೆ ಕಡೆಯಿಂದ ಬಂದಿದೆ. ಅಪ್ಪನ ಸೈಟ್ ಮುಗೀತಾ ಬಂದಿದೆ. ಕಟ್ಟಡ ಮುಗಿದರೆ ನಮ್ಮಂಥವರು ಗೃಹಪ್ರವೇಶ ಮಾಡ್ತೀವಿ, ಅವರು ಗಂಟು ಕಟ್ತಾರೆ. ಮುಂದಿನ ಸೈಟ್ ಹೈದರಾಬಾದ್ ಅಂತಾರೆ, ಊರಿಗೇ ವಾಪಸ್ ಅಂತಲೂ ಅಂತಾರೆ. ಹೊಸ ಶಾಲೆ, ಹೊಸ ಟೀಚರ್. "ಬಿಡಿಸಿಬಿಡೋಣ" ಅನ್ನೋ ಮಾತು ಅಲ್ಲಿ ಮತ್ತೆ ಮೊದಲಿಂದ ಶುರುವಾಗುತ್ತೆ.

ಅದಕ್ಕೆ ನಾವು ಮಾಡಿದ ಕೊನೆಯ ಕೆಲಸ ಇದು. ಎನ್‌ವಿಡಿಎಯನ್ನು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು. ಮ್ಯಾಥ್‌ಕ್ಯಾಟ್, ಅವಳಿಗೆ ರೂಢಿಯಾದ ಓದುವ ವೇಗ, ಅವಳ ಸೆಟ್ಟಿಂಗ್‌ಗಳು, ಎಂಟು-ಒಂಬತ್ತನೇ ತರಗತಿಯ ಲೆಕ್ಕಗಳ ಪುಟಗಳು ಎಲ್ಲ ಅದರಲ್ಲೇ ಇವೆ. ಎಲ್ಲೇ ಒಂದು ವಿಂಡೋಸ್ ಕಂಪ್ಯೂಟರ್ ಸಿಕ್ಕರೂ ಚುಚ್ಚಿದರೆ ಸಾಕು. ಒಂದು ಪುಟ ಹೊಸ ಟೀಚರ್‌ಗೆ: ಭಿನ್ನರಾಶಿಗೆ ಶುರು-ಮುಗೀತು ಅನ್ನಿ, ಸಂಖ್ಯೆಯನ್ನು ಅಂಕಿ ಅಂಕಿಯಾಗಿಯೂ ಹೇಳಿ, ಬೋರ್ಡ್ ತೋರಿಸಿ "ಇದು, ಅದು" ಅನ್ನಬೇಡಿ. ಕನ್ನಡದಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದೇವೆ. ತೆಲುಗಿನಲ್ಲಿ ಬರೆದುಕೊಡುವವರು ಇಲ್ಲಿ ಯಾರಾದರೂ ಇದ್ದರೆ ಮಾತು ಮುಗಿದ ಮೇಲೆ ಸಿಗಿ.

ನಿಮ್ಮಿಂದ ನಾನು ದೇಣಿಗೆ ಕೇಳೋಕೆ ಬಂದಿಲ್ಲ. ಮೂರು ಕೆಲಸ ಕೇಳ್ತೀನಿ.

ಒಂದು, ಎಲ್ಲೇ ಗಣಿತ ಹಾಕಿದರೂ ಚಿತ್ರವಾಗಿ ಹಾಕಬೇಡಿ. ಮ್ಯಾಥ್‌ಎಂಎಲ್ ಬರೆಯಿರಿ, ಇಲ್ಲವೇ ಲೇಟೆಕ್‌ನಲ್ಲಿ ಬರೆದು ಮ್ಯಾಥ್‌ಜಾಕ್ಸ್ ಬಳಸಿ. ಮರ ಉಳಿಯಲಿ.

ಎರಡು, ನಿಮ್ಮ ಕಂಪನಿ ಸಿಎಸ್‌ಆರ್‌ನಲ್ಲಿ ಶಾಲೆಗೆ ಆ್ಯಪ್ ಕೊಡುವ ಮೊದಲು, ಪರದೆ ಆಫ್ ಮಾಡಿ ಸ್ಕ್ರೀನ್ ರೀಡರ್ ಹಚ್ಚಿ ಹತ್ತು ನಿಮಿಷ ನೀವೇ ಒಂದು ಲೆಕ್ಕ ಮಾಡಿ ನೋಡಿ. ಬರೀ "ಬಟನ್, ಬಟನ್" ಅಂದರೆ ಕೊಡಬೇಡಿ.

ಮೂರು, ಅದಕ್ಕೂ ಮೊದಲು ಆ ಮಗುವನ್ನು ಕೇಳಿ. ನಾನು ಎರಡು ತಿಂಗಳು ರಾತ್ರಿ ನಿದ್ದೆಗೆಟ್ಟು ಆ್ಯಪ್ ಮಾಡುವ ಮೊದಲು ಐದು ನಿಮಿಷ ಅವಳ ಬೆಂಚಿನಲ್ಲಿ ಕೂತಿದ್ದರೆ ಸಾಕಾಗಿತ್ತು.

ಪೆನ್‌ಡ್ರೈವ್ ಕೊಟ್ಟ ದಿನ ಅವಳು ಅದಕ್ಕೆ ದಾರ ಕಟ್ಟಿ ಕೊರಳಿಗೆ ಹಾಕ್ಕೊಂಡಳು. ಕಳೆದುಹೋದರೆ ಅಂತ ಹೆದರಿ ಒಂದು ಪ್ರತಿ ನಾನೂ ಇಟ್ಕೊಂಡಿದ್ದೀನಿ. ಹೋಗುವಾಗ ಬಾಗಿಲ ಹತ್ತಿರ ನಿಂತು ಕೇಳಿದಳು, "ಅಣ್ಣಾ, ಹತ್ತನೇತ್ತಾದೂ ಲೆಕ್ಕ ಇದರಾಗ ಹಿಡಿತಾವ?"

ಹಿಡೀತಾವೆ. ಜಾಗ ಬೇಕಾದಷ್ಟಿದೆ. ಬರೆಯೋಕೆ ಜನ ಬೇಕು.